ಕೃಪೆ ಗೊತ್ತು, ಕಸಬರಿಗೆ ಗೊತ್ತಿಲ್ಲ: ಬೈಬಲ್ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ

ಬೈಬಲ್ ಶಾಲೆಗೆ ಸೇರಿ ಸ್ಪ್ಯಾನಿಷ್ ಕಲಿಯತೊಡಗಿದ ಮೂರನೆಯ ತಿಂಗಳ ಹೊತ್ತಿಗೆ ಅನೇಕ ವಿದ್ಯಾರ್ಥಿಗಳು ಒಂದು ವಿಚಿತ್ರ ಸ್ಥಿತಿಗೆ ಬಂದು ನಿಲ್ಲುತ್ತಾರೆ. 'ಹುಸ್ತಿಫಿಕಾಸಿಯೋನ್ ಪೊರ್ ಲಾ ಫೆ', ಅಂದರೆ ನಂಬಿಕೆಯಿಂದ ನೀತಿವಂತರೆಂಬ ನಿರ್ಣಯ ಹೊಂದುವುದು, ಎಂಬಂಥ ದೊಡ್ಡ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ. ಆದರೆ ಊಟದ ಕೋಣೆಯನ್ನು ಗುಡಿಸುವ ಪಾಳಿ ಬಂದ ದಿನ ಕಸಬರಿಗೆ ಎಲ್ಲಿದೆ ಎಂದು ಕೇಳಲು ಪದ ಸಿಗದೆ, ಗಾಳಿಯಲ್ಲಿ ಕೈಯಾಡಿಸಿ ತೋರಿಸಬೇಕಾಗುತ್ತದೆ. ನಾನೂ ಹಾಗೆಯೇ ಕೈಯಾಡಿಸಿದವನು. ದೇವಶಾಸ್ತ್ರದ ಪದಗಳು ಬಹುಪಾಲು ಲ್ಯಾಟಿನ್ ಮೂಲದವು, ಇಂಗ್ಲಿಷಿನಲ್ಲಿಯೂ ಅವುಗಳ ನೆಂಟರಿದ್ದಾರೆ, ಆದ್ದರಿಂದ ಅವು ಅರ್ಧ ಕಲಿತಂತೆಯೇ ನಮ್ಮ ಬಳಿಗೆ ಬರುತ್ತವೆ. ಕಸಬರಿಗೆಗೆ ಇರುವ 'ಎಸ್ಕೋಬಾ' ಎಂಬ ಪದಕ್ಕೆ ಅಂಥ ನೆಂಟಸ್ತನವಿಲ್ಲ. ಬೈಬಲ್ಲಿನ ವಾಕ್ಯಗಳು ನಿಮಗೆ ಮೊದಲೇ ಬಾಯಿಪಾಠವಾಗಿರುವುದು ಈ ಕಲಿಕೆಯಲ್ಲಿ ನಿಮ್ಮ ದೊಡ್ಡ ಬಂಡವಾಳ ಎಂಬುದು ನಿಜ; ಆದರೆ ಆ ಬಂಡವಾಳವನ್ನು ಎಲ್ಲಿ ಹೂಡಬೇಕು, ಎಲ್ಲಿ ಹೂಡಬಾರದು ಎಂಬುದನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಭಾಷೆಗೂ ಭಕ್ತಿಗೂ ನಷ್ಟವಾಗುತ್ತದೆ.

ಮೊದಲು ಹೂಡಬಾರದ ಜಾಗದಿಂದಲೇ ಆರಂಭಿಸುತ್ತೇನೆ. ಬೆಳಗಿನ ಧ್ಯಾನವನ್ನು ನಿಮ್ಮ ತಾಯ್ನುಡಿಯಲ್ಲಿಯೇ ಇಟ್ಟುಕೊಳ್ಳಿ. ಉತ್ಸಾಹಿಗಳಾದ ವಿದ್ಯಾರ್ಥಿಗಳು ಮೊದಲ ವಾರದಲ್ಲಿಯೇ ಕನ್ನಡ ಬೈಬಲನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ, ಧ್ಯಾನವೂ ಪ್ರಾರ್ಥನೆಯೂ ಸ್ಪ್ಯಾನಿಷಿನಲ್ಲಿಯೇ ನಡೆಯಬೇಕೆಂದು ಹಟ ಹಿಡಿಯುತ್ತಾರೆ. ಕೆಲವು ದಿನಗಳಲ್ಲಿ ಅವರು ಕೀರ್ತನೆಯನ್ನು ಓದುವುದನ್ನು ಬಿಟ್ಟು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಿರುತ್ತಾರೆ, ಪ್ರಾರ್ಥಿಸಲು ಮೊಣಕಾಲೂರಿದಾಗ ಪಾಪದ ಅರಿಕೆಗಿಂತ ಹೆಚ್ಚಾಗಿ ಪ್ರತ್ಯಯಗಳ ಚಿಂತೆ ಅವರನ್ನು ಕಾಡುತ್ತದೆ. ಧ್ಯಾನದ ಹೊತ್ತಿನಲ್ಲಿ ನಿಘಂಟು ಮೇಜಿನ ಮೇಲೆ ಇರಬಾರದು. ಧ್ಯಾನ ಮುಗಿದ ಮೇಲೆ, ಅದೇ ಭಾಗದ ಎರಡೋ ಮೂರೋ ವಚನಗಳನ್ನು ಸ್ಪ್ಯಾನಿಷಿನಲ್ಲಿ ಗಟ್ಟಿಯಾಗಿ ಓದಲು ಬೇರೆಯೇ ಒಂದು ಅರ್ಧ ಗಂಟೆಯನ್ನು ಮೀಸಲಿಡಿ. ಅರ್ಥ ಆಗಲೇ ಮನಸ್ಸಿನಲ್ಲಿರುವುದರಿಂದ ಕಣ್ಣು ಪದದಿಂದ ಪದಕ್ಕೆ ಎಡವದೆ ಸಾಗುತ್ತದೆ.

ಯಾವ ಸ್ಪ್ಯಾನಿಷ್ ಬೈಬಲನ್ನು ಇಟ್ಟುಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ನನ್ನ ಸಲಹೆ ಎರಡನ್ನು ಇಟ್ಟುಕೊಳ್ಳಿ ಎಂಬುದು. ಮೊದಲನೆಯದು ರೇನಾ-ವಲೇರಾ ಅನುವಾದದ 1960ರ ಪರಿಷ್ಕರಣೆ. ಸ್ಪ್ಯಾನಿಷ್ ಮಾತನಾಡುವ ಸುವಾರ್ತಾ ಸಭೆಗಳಲ್ಲಿ ಜನರು ಬಾಯಿಪಾಠ ಹೇಳುವುದು ಹೆಚ್ಚಾಗಿ ಇದರಿಂದಲೇ. ಎರಡನೆಯದು ಇಂದಿನ ಆಡುಮಾತಿಗೆ ಹತ್ತಿರವಿರುವ ಒಂದು ಅನುವಾದ, ಅಂದರೆ 1979ರಲ್ಲಿ ಪೂರ್ಣವಾಗಿ ಪ್ರಕಟವಾದ 'ದಿಯೋಸ್ ಆಬ್ಲಾ ಓಯ್' ಅಥವಾ 1999ರ 'ನುವೇವಾ ವೆರ್ಸಿಯೋನ್ ಇಂತೆರ್ನಸಿಯೋನಲ್'. ರೇನಾ-ವಲೇರಾದ ಭಾಷೆಗೆ ಹಳೆಯ ಕಾಲದ ಗಾಂಭೀರ್ಯವಿರುವುದಕ್ಕೆ ಕಾರಣವಿದೆ. ಸೆವಿಯ್ಯ ನಗರದ ಬಳಿಯ ಸಾನ್ ಇಸಿದೋರೊ ದೆಲ್ ಕಾಂಪೊ ಮಠದ ಸನ್ಯಾಸಿಯಾಗಿದ್ದ ಕಸಿಯೊದೋರೊ ದೆ ರೇನಾ 1557ರಲ್ಲಿ ಇನ್‌ಕ್ವಿಸಿಷನ್ನಿಗೆ, ಅಂದರೆ ಮತಭ್ರಷ್ಟರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಕ್ಯಾಥೊಲಿಕ್ ನ್ಯಾಯಮಂಡಳಿಗೆ, ಹೆದರಿ ದೇಶ ಬಿಟ್ಟನು. ಅವನು ಕೈಗೆ ಸಿಗದ ಕಾರಣ 1562ರಲ್ಲಿ ಅವನ ಪ್ರತಿಕೃತಿಯನ್ನು ಸೆವಿಯ್ಯದಲ್ಲಿ ಸುಟ್ಟರು. ಊರಿಂದೂರಿಗೆ ಅಲೆಯುತ್ತಲೇ ಅವನು ಮುಗಿಸಿದ ಪೂರ್ಣ ಬೈಬಲ್ 1569ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಮೊದಲ ಪುಟದಲ್ಲಿ ಮರದ ಜೇನಿಗೆ ಬಾಯಿ ಚಾಚಿದ ಕರಡಿಯ ಚಿತ್ರವಿದ್ದುದರಿಂದ ಅದನ್ನು ಇಂದಿಗೂ ಕರಡಿಯ ಬೈಬಲ್ ಎನ್ನುತ್ತಾರೆ. ಅದೇ ಮಠದಿಂದ ಓಡಿಹೋಗಿದ್ದ ಸಿಪ್ರಿಯಾನೊ ದೆ ವಲೇರಾ ಇಪ್ಪತ್ತು ವರ್ಷ ದುಡಿದು ಅದನ್ನು ತಿದ್ದಿ 1602ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದನು. ಇದನ್ನು ತಿಳಿದಿದ್ದರೆ, ಸಭೆಯ ಹಿರಿಯರೊಬ್ಬರು ಹಳೆಯ ಮಾತುಗಳ ಒಂದು ವಚನವನ್ನು ಕಣ್ಣು ಮುಚ್ಚಿ ಹೇಳುವಾಗ ಅದನ್ನು ಹಳಸಿದ ಭಾಷೆ ಎಂದು ನೀವು ತಳ್ಳಿಹಾಕುವುದಿಲ್ಲ.

ಆದರೆ ಆ ಭಾಷೆಯಲ್ಲಿಯೇ ರಸ್ತೆಯಲ್ಲಿ ಮಾತನಾಡಲು ಹೊರಟರೆ ಕೇಳುವವರು ಮುಗುಳ್ನಗುತ್ತಾರೆ. ರೇನಾ-ವಲೇರಾದಲ್ಲಿ ಬಹುವಚನದ 'ನೀವು' ಎಂಬುದಕ್ಕೆ 'ಬೊಸೋತ್ರೊಸ್' ಎಂದಿದೆ. ಸ್ಪೇನ್ ದೇಶದಲ್ಲಿ ಅದು ಈಗಲೂ ಬಳಕೆಯಲ್ಲಿದ್ದರೂ ಲ್ಯಾಟಿನ್ ಅಮೆರಿಕದ ಆಡುಮಾತಿನಲ್ಲಿ ಎಲ್ಲರಿಗೂ 'ಉಸ್ತೇದೆಸ್' ಎನ್ನುತ್ತಾರೆ. 'ನಿಮ್ಮ ವೈರಿಗಳನ್ನು ಪ್ರೀತಿಸಿರಿ' ಎಂಬ ಮಾತು ಹಳೆಯ ರೂಪದಲ್ಲಿ 'ಅಮಾದ್' ಎಂದೂ ಹೊಸ ರೂಪದಲ್ಲಿ 'ಆಮೆನ್' ಎಂದೂ ಆರಂಭವಾಗುತ್ತದೆ. ಈ 'ಆಮೆನ್' ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಅಲ್ಲ. ಅದರಲ್ಲಿ ಒತ್ತು ಕೊನೆಯ ಸ್ವರದ ಮೇಲೆ, 'ಅಮೇನ್' ಎಂದು ಬೀಳುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಎಂಬುದು ಈ ಭಾಷೆಯಲ್ಲಿ ಅಲಂಕಾರವಲ್ಲ, ಅರ್ಥವೇ ಅದರ ಮೇಲೆ ನಿಂತಿದೆ.

ಉಚ್ಚಾರಣೆಯ ವಿಷಯದಲ್ಲಿ ನಾನು ಕಂಡ ಅತಿ ದೊಡ್ಡ ತಪ್ಪು ಇಂಗ್ಲಿಷಿನ ಮೂಲಕ ಸ್ಪ್ಯಾನಿಷಿಗೆ ಹೋಗುವುದು. ದೇವರನ್ನು 'ಡಿಯೋಸ್' ಎನ್ನುವವರು ನಾಲಿಗೆಯನ್ನು ಸುಮ್ಮನೆ ಅಂಗುಳಿಗೆ ಮಡಚುತ್ತಾರೆ. ಅದು 'ದಿಯೋಸ್', ನಮ್ಮ ದಕಾರದಂತೆ ಹಲ್ಲಿಗೆ ತಾಗುವ ಧ್ವನಿ. ತಕಾರವೂ ಹಾಗೆಯೇ. ಸ್ವರಗಳು ಐದೇ, ಅವು ಕನ್ನಡದ ಅ, ಎ, ಇ, ಒ, ಉಗಳಷ್ಟೇ ಶುದ್ಧ. ನಮಗೆ ನಿಜವಾಗಿ ಕಷ್ಟವಾಗುವುದು ರಕಾರ. ನಾಲಿಗೆ ಒಮ್ಮೆ ತಟ್ಟಿದರೆ 'ಪೆರೊ', ಅಂದರೆ 'ಆದರೆ'. ಹಲವು ಬಾರಿ ಕಂಪಿಸಿದರೆ 'ಪೆರ್ರೊ', ಅಂದರೆ ನಾಯಿ. ಪದದ ಮೊದಲಲ್ಲಿ ಬರುವ ರಕಾರವೂ ಕಂಪಿಸಬೇಕು, ಆದ್ದರಿಂದ ರಾಜ್ಯ ಎಂಬರ್ಥದ 'ರ್ರೇನೊ' ಎಂಬುದನ್ನು ಕರ್ತನ ಪ್ರಾರ್ಥನೆಯಲ್ಲಿ ದಿನವೂ ಹೇಳಿ ಅಭ್ಯಾಸ ಮಾಡಿಕೊಳ್ಳಬಹುದು.

ವ್ಯಾಕರಣಕ್ಕೆ ಬಂದಾಗ ಬೈಬಲ್ಲಿನ ಬಂಡವಾಳವನ್ನು ಧಾರಾಳವಾಗಿ ಹೂಡಬಹುದು, ಜೊತೆಗೆ ಕನ್ನಡದ್ದನ್ನೂ. 103ನೆಯ ಕೀರ್ತನೆಯ ಮೊದಲ ವಚನವನ್ನೇ ತೆಗೆದುಕೊಳ್ಳಿ: 'ಬೆಂದೀಸೆ, ಆಲ್ಮಾ ಮೀಯಾ, ಆ ಹೆಯೊಬಾ, ಇ ಬೆಂದೀಗಾ ತೋದೊ ಮಿ ಸೆರ್ ಸು ಸಾಂತೊ ನೋಂಬ್ರೆ.' ಅಂದರೆ, ನನ್ನ ಪ್ರಾಣವೇ, ಯೆಹೋವನನ್ನು ಕೊಂಡಾಡು, ನನ್ನ ಇಡೀ ಜೀವ ಆತನ ಪರಿಶುದ್ಧ ನಾಮವನ್ನು ಕೊಂಡಾಡಲಿ. ಇಲ್ಲಿ 'ಬೆಂದೀಸೆ' ಎಂದರೆ 'ಕೊಂಡಾಡು', 'ಬೆಂದೀಗಾ' ಎಂದರೆ 'ಕೊಂಡಾಡಲಿ'. ಪಾಠಪುಸ್ತಕಗಳು ಸುಬ್‌ಹುಂತೀವೊ ಎಂದು ಹೆಸರಿಟ್ಟು ಹೆದರಿಸುವ ಆ ರೂಪದ ಒಂದು ಮುಖ್ಯ ಬಳಕೆ ನಮ್ಮ '-ಅಲಿ' ಪ್ರತ್ಯಯವೇ. ನಿನ್ನ ರಾಜ್ಯವು ಬರಲಿ ಎಂಬುದು 'ಬೆಂಗಾ ತು ರ್ರೇನೊ'. ದೇವರು ನಿನ್ನನ್ನು ಆಶೀರ್ವದಿಸಲಿ ಎಂಬುದು 'ದಿಯೋಸ್ ತೆ ಬೆಂದೀಗಾ'. ಪ್ರಾರ್ಥಿಸೋಣ ಎನ್ನಲು 'ಓರೇಮೊಸ್', ಹಾಡೋಣ ಎನ್ನಲು 'ಕಾಂತೇಮೊಸ್' ಎನ್ನುವಾಗಲೂ ಅದೇ ರೂಪ ಕೆಲಸ ಮಾಡುತ್ತಿರುತ್ತದೆ. ಇನ್ನು ಆ ವಚನದ ನಡುವಿನಲ್ಲಿ ಒಂಟಿಯಾಗಿ ನಿಂತಿರುವ 'ಆ' ಎಂಬ ಅಕ್ಷರವನ್ನು ನೋಡಿ. ಕನ್ನಡದಲ್ಲಿ 'ಪುಸ್ತಕ ಓದಿದೆ' ಎಂದರೆ ಸಾಕು, ಆದರೆ 'ತಂದೆ ನೋಡಿದೆ' ಎಂದರೆ ಅರ್ಥ ಕೆಡುತ್ತದೆ, 'ತಂದೆಯನ್ನು' ಎನ್ನಲೇಬೇಕು. ಸ್ಪ್ಯಾನಿಷಿನ 'ಆ' ಮಾಡುವುದೂ ಇದನ್ನೇ: ಕರ್ಮಪದ ವ್ಯಕ್ತಿಯಾಗಿದ್ದರೆ ಅದು ಬರುತ್ತದೆ, ವಸ್ತುವಾಗಿದ್ದರೆ ಸಾಮಾನ್ಯವಾಗಿ ಬರುವುದಿಲ್ಲ. ಯೋಹಾನ 3:16ರಲ್ಲಿ ದೇವರು ಪ್ರೀತಿಸಿದ 'ಲೋಕ'ಕ್ಕೂ ಈ 'ಆ' ಅಂಟಿಕೊಂಡಿದೆ; ಲೋಕವೆಂದರೆ ಮನುಷ್ಯರು ಎಂಬುದು ಅಲ್ಲಿ ಒಂದೇ ಅಕ್ಷರದಲ್ಲಿ ಇಣುಕುತ್ತದೆ ಎಂದು ನನಗೆ ಅನಿಸುತ್ತದೆ.

ಆಗಿರುವುದು, ಇರುವುದು ಎಂಬರ್ಥದ 'ಸೆರ್' ಮತ್ತು 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳ ಭೇದದ ಬಗ್ಗೆ ಪಾಠಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ಕನ್ನಡಿಗನಿಗೆ ಅಷ್ಟು ಬೇಕಿಲ್ಲ. ವಾಕ್ಯವನ್ನು ಮನಸ್ಸಿನಲ್ಲಿಯೇ ನಿಷೇಧಾರ್ಥಕ್ಕೆ ತಿರುಗಿಸಿ ನೋಡಿ: 'ಅಲ್ಲ' ಬಂದರೆ ಸೆರ್, 'ಇಲ್ಲ' ಬಂದರೆ ಎಸ್ತಾರ್. ನನ್ನ ರಾಜ್ಯವು ಈ ಲೋಕದ್ದಲ್ಲ ಎಂಬುದು 'ಮಿ ರ್ರೇನೊ ನೊ ಎಸ್ ದೆ ಎಸ್ತೆ ಮುಂದೊ'. ಬರಿದಾದ ಸಮಾಧಿಯ ಬಳಿ ದೂತರು ಹೇಳಿದ, ಆತನು ಇಲ್ಲಿ ಇಲ್ಲ ಎಂಬ ಮಾತು 'ನೊ ಎಸ್ತಾ ಆಕಿ'. ಈ ಎರಡು ವಚನಗಳನ್ನು ಅಕ್ಕಪಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಪಾಠ ಮುಗಿದಂತೆ. ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು: ಕೂಟ ಸಭಾಂಗಣದಲ್ಲಿ ಇದೆ ಎನ್ನುವಾಗ, ಅದು ನಡೆಯುವ ಘಟನೆಯಾದ್ದರಿಂದ ಸೆರ್ ಬರುತ್ತದೆ; ಬಾಗಿಲು ಮುಚ್ಚಿದೆ, ಮನಸ್ಸು ಸಂತೋಷವಾಗಿದೆ ಎಂಬಂಥ ಸ್ಥಿತಿಗಳಿಗಾದರೋ ಉಪಾಯ ಹೇಳುವಂತೆಯೇ ಎಸ್ತಾರ್ ಬರುತ್ತದೆ.

'ನನಗೆ ಇಷ್ಟ', 'ನನಗೆ ತಲೆ ನೋಯುತ್ತಿದೆ' ಎಂಬ ರಚನೆಗಳು ಸ್ಪ್ಯಾನಿಷಿನಲ್ಲಿಯೂ 'ಮೆ ಗುಸ್ತಾ', 'ಮೆ ದುಯೆಲೆ ಲಾ ಕಬೇಸಾ' ಎಂದು ಹಾಗೆಯೇ ಇರುವುದರಿಂದ ಇಂಗ್ಲಿಷಿನವರು ತಿಣುಕುವಲ್ಲಿ ನೀವು ಹಾಯಾಗಿರಬಹುದು. ಲಿಂಗದ ವಿಷಯದಲ್ಲಿ ಮಾತ್ರ ಹಾಯಾಗಿರುವಂತಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು, ನಂಬಿಕೆ ಹೆಣ್ಣು, ಪ್ರೀತಿ ಗಂಡು ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಆಧಾರವೇ ಇಲ್ಲ. 'ಲಾ ಫೆ', 'ಎಲ್ ಅಮೋರ್' ಎಂದು ಮುಂದಿನ ಗುರುತಿನ ಸಮೇತ ಬಾಯಿಪಾಠ ಮಾಡುವುದೊಂದೇ ದಾರಿ.

ಈಗ ಕಸಬರಿಗೆಗೆ ಹಿಂದಿರುಗುತ್ತೇನೆ. ತರಗತಿಯ ಪುಸ್ತಕದ ಜೊತೆಗೆ ಜೇಬಿನಲ್ಲಿ ಹಿಡಿಸುವ ಇನ್ನೊಂದು ಪುಟ್ಟ ಪುಸ್ತಕವನ್ನು ಇಟ್ಟುಕೊಂಡು, ಅದರಲ್ಲಿ ಬೈಬಲ್ಲಿನ ಒಂದು ಪದವನ್ನೂ ಬರೆಯಕೂಡದು ಎಂಬ ನಿಯಮ ಮಾಡಿಕೊಳ್ಳಿ. ಪಾತ್ರೆ ತೊಳೆಯುವ ಪಾಳಿ, ಬಟ್ಟೆ ಒಗೆಯುವ ಕೋಣೆ, ಸ್ನಾನಕ್ಕೆ ಸಾಲು ನಿಲ್ಲುವ ಹೊತ್ತು, ಇವೇ ನಿಜವಾದ ತರಗತಿಗಳು. 'ಕೋಮೊ ಸೆ ದೀಸೆ', ಅಂದರೆ ಇದನ್ನು ಹೇಗೆ ಹೇಳುತ್ತಾರೆ ಎಂದು ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಿ, ಉತ್ತರವನ್ನು ಅಲ್ಲಿಯೇ ಬರೆದುಕೊಳ್ಳಿ, ಅದೇ ಸಂಜೆ ಅದನ್ನು ಬಳಸಿ ಏನನ್ನಾದರೂ ಕೇಳಿ. ಸ್ಪ್ಯಾನಿಷ್ ತಾಯ್ನುಡಿಯ ಗೆಳೆಯನೊಬ್ಬ ಕೋಣೆಯಲ್ಲಿದ್ದರೆ, ಯಾವ ಹೊತ್ತಿನಲ್ಲಿ ಯಾವ ಭಾಷೆ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಇಬ್ಬರಿಗೂ ಸುಲಭವಾದ ಇಂಗ್ಲಿಷ್ ನಡುವೆ ಬಂದು ಕೂರುತ್ತದೆ.

ಭಾನುವಾರದ ಆರಾಧನೆಯಲ್ಲಿ ಮೊದಮೊದಲು ಪ್ರಸಂಗವೆಲ್ಲ ಅರ್ಥವಾಗಬೇಕೆಂದು ಹೆಣಗಬೇಡಿ. ಪ್ರಸಂಗದ ಭಾಗವನ್ನು ಮೊದಲೇ ಕೇಳಿ ತಿಳಿದು ಎರಡು ಬಾರಿ ಓದಿಕೊಂಡು ಹೋಗಿ, ಕೀಲಿನಂಥ ಪದಗಳಿಗೆ ಮಾತ್ರ ಕಿವಿಗೊಡಿ: 'ಪೊರ್ ಲೊ ತಾಂತೊ' ಎಂದರೆ ಆದ್ದರಿಂದ, 'ಸಿನ್ ಎಂಬಾರ್ಗೊ' ಎಂದರೆ ಆದರೂ, 'ಎಸ್ ದೆಸೀರ್' ಎಂದರೆ ಅಂದರೆ. ಇವು ಸಿಕ್ಕಿದರೆ ವಾದ ಎತ್ತ ಹೊರಳುತ್ತಿದೆ ಎಂಬುದು ತಿಳಿಯುತ್ತದೆ. ಹಿರಿಯರಿಗೆ 'ಉಸ್ತೆದ್' ಎಂದೂ, ಓರಗೆಯವರಿಗೆ 'ತು' ಎಂದೂ ಹೇಳುವುದು ನಮ್ಮ ನೀವು-ನೀನು ಇದ್ದಂತೆಯೇ. ಪ್ರಾರ್ಥನೆಯಲ್ಲಿ ದೇವರನ್ನು ನಾವು ನೀನು ಎನ್ನುವಂತೆ ಅವರೂ 'ತು' ಎನ್ನುತ್ತಾರೆ. ಅರ್ಜೆಂಟೀನಾದ ಗೆಳೆಯರು 'ತು' ಬದಲು 'ಬೊಸ್' ಎಂದರೆ ಗಾಬರಿಯಾಗಬೇಡಿ. ಭಾನುವಾರ ಶಾಲೆಯಲ್ಲಿ ಚಿಕ್ಕ ಮಕ್ಕಳ ಗುಂಪಿಗೆ ಸಹಾಯಕರು ಬೇಕೆಂದರೆ ಮೊದಲು ಕೈ ಎತ್ತಿ. ದೊಡ್ಡವರು ಸೌಜನ್ಯದಿಂದ ನಿಮ್ಮ ತಪ್ಪನ್ನು ನುಂಗಿಕೊಳ್ಳುತ್ತಾರೆ, ಮಕ್ಕಳು ಹಾಗಲ್ಲ.

ಗುಂಪಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದನ್ನು ಮೂರೇ ವಾಕ್ಯಗಳಿಂದ ಆರಂಭಿಸಿ, ಊಟದ ಮುಂಚಿನ ಸ್ತೋತ್ರ ಅದಕ್ಕೆ ಸರಿಯಾದ ಜಾಗ. ಊರಿನ ಸಭೆಯಲ್ಲಿ ಇಂಪಾಗಿ ಪ್ರಾರ್ಥಿಸುತ್ತಾನೆ ಎಂದು ಹೆಸರು ಪಡೆದವನಿಗೆ ಇದು ಕಹಿ ಔಷಧ. ಒಂದು ಸಂಜೆ ನಾನು 'ಪೆಕಾದೊಸ್', ಅಂದರೆ ಪಾಪಗಳು, ಎನ್ನಬೇಕಾದಲ್ಲಿ ಸಕಾರವೊಂದನ್ನು ತೂರಿಸಿ, 'ಪೆಸ್ಕಾದೊಸ್' ಎಂದು ನನ್ನ ಮೀನುಗಳನ್ನು ಕ್ಷಮಿಸುವಂತೆ ದೇವರನ್ನು ಬೇಡಿಕೊಂಡೆ. ಮುಚ್ಚಿದ ಕಣ್ಣುಗಳ ಸುತ್ತಲೂ ಉಸಿರು ಬಿಗಿಹಿಡಿದ ಸದ್ದು ಕೇಳಿತು, ಕೊನೆಗೆ ಬೇಡಿಕೊಂಡವನೇ ಮೊದಲು ನಕ್ಕನು. ದಣಿದಿದ್ದೇನೆ ಎನ್ನಲು 'ಕನ್ಸಾದೊ' ಎಂಬುದರ ಬದಲು 'ಕಸಾದೊ' ಎಂದು, ಮದುವೆಯಾಗಿದೆ ಎಂದು ಸಾರಿಕೊಂಡವರೂ ಇದ್ದಾರೆ. ತಪ್ಪಿಗಿಂತ ಹೆಚ್ಚು ನೋಯಿಸುವುದು ಬೇರೆಯದು: ಕನ್ನಡದಲ್ಲಿ ಹಾಸ್ಯಗಾರನಾಗಿದ್ದವನು ಹೊಸ ಭಾಷೆಯಲ್ಲಿ ತಿಂಗಳುಗಟ್ಟಲೆ ಮಂಕನಂತೆ ಕಾಣಬೇಕಾಗುತ್ತದೆ, ಅದನ್ನು ಆತ್ಮಿಕ ಕುಸಿತವೆಂದು ತಪ್ಪಾಗಿ ತಿಳಿಯುವವರೂ ಇದ್ದಾರೆ. ಅಂಥ ದಿನಗಳಲ್ಲಿ ತಾಯ್ನುಡಿಯಲ್ಲಿ ಮನೆಯವರೊಂದಿಗೆ ಮಾತನಾಡಿ, ವಾರಕ್ಕೆ ಒಂದು ದಿನ ಪದಪಟ್ಟಿಯನ್ನು ಮುಟ್ಟದೆ ಬಿಡಿ.

ವರ್ಷದ ಕೊನೆಗೆ ಹೆಚ್ಚಾಗಿ ಸಭೆಯ ಮುಂದೆ ಸಾಕ್ಷಿ ಹೇಳುವ ಅವಕಾಶ ಬರುತ್ತದೆ. ಅದನ್ನು ಕನ್ನಡದಲ್ಲಿ ಬರೆದು ಅನುವಾದಿಸಬೇಡಿ. ಬರುವ ಪದಗಳಲ್ಲಿಯೇ ನೇರವಾಗಿ ಸ್ಪ್ಯಾನಿಷಿನಲ್ಲಿ ಬರೆಯಿರಿ. ಹಿನ್ನೆಲೆಯಾಗಿ ನಡೆಯುತ್ತಿದ್ದುದಕ್ಕೂ ಒಮ್ಮೆ ನಡೆದು ಮುಗಿದುದಕ್ಕೂ ಬೇರೆ ಬೇರೆ ಭೂತಕಾಲಗಳಿವೆ, 'ಹೋಗುತ್ತಿದ್ದೆ' ಎಂಬುದು 'ಈಬಾ', 'ಹೋದೆ' ಎಂಬುದು 'ಫುಯಿ'. ಸಾಕ್ಷಿಯ ಮೊದಲ ಭಾಗವೆಲ್ಲ ಮೊದಲನೆಯ ರೂಪದಲ್ಲಿ ಸಾಗಿ, ದೇವರು ಕರೆದ ಘಳಿಗೆಯಲ್ಲಿ ಎರಡನೆಯದಕ್ಕೆ ತಿರುಗಬೇಕು. ಬರೆದುದನ್ನು ಆ ಭಾಷೆಯ ಗೆಳೆಯನ ಕೈಗೆ ಕೊಟ್ಟು, ತಿದ್ದುವ ಮೊದಲು ಬೇಡವಾದುದನ್ನು ಹೊಡೆದುಹಾಕಲು ಹೇಳಿ. ಹುಟ್ಟುಕುರುಡನಾಗಿದ್ದವನು ಫರಿಸಾಯರ ಮುಂದೆ ಹೇಳಿದ್ದನ್ನು ಇಂದಿನ ಮಾತಿನಲ್ಲಿ ಹೇಳಿದರೆ ಇಷ್ಟೇ: 'ಯೊ ಏರಾ ಸಿಯೇಗೊ ಇ ಆಓರಾ ಬೇಓ', ನಾನು ಕುರುಡನಾಗಿದ್ದೆ, ಈಗ ಕಾಣುತ್ತೇನೆ. ನಿಮ್ಮ ಸಾಕ್ಷಿಯ ವಾಕ್ಯಗಳು ಅದಕ್ಕಿಂತ ಬಹಳ ಉದ್ದವಾಗಿದ್ದರೆ ಗೆಳೆಯನ ಕೈಗೆ ಇನ್ನೊಮ್ಮೆ ಕೊಡಿ.