ಮಾರ್ಫಿನ್ ಶುರು ಮಾಡುವ ದಿನ ನಾನು ಹೇಳಿಕೊಡುವುದು

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡೋಣ ಎಂದರೆ ಮನೆಯವರ ಮುಖ ಬಾಡುತ್ತದೆ. 'ಅಂದ್ರೆ ಇನ್ನು ಕೈ ಬಿಟ್ರಾ ಸಿಸ್ಟರ್?' ಎನ್ನುತ್ತಾರೆ. ಇಲ್ಲವೇ, 'ಚಟ ಹತ್ತಿದ್ರೆ?' ಮಾತ್ರೆ ಕೈಗಿಡುವ ಮುಂಚೆ ನಾನು ಕೂತು ಮಾತಾಡುವುದು ಈ ಎರಡರ ಬಗ್ಗೆಯೇ.

ಮಾರ್ಫಿನ್ ಕೊಡುವುದು ನೋವು ಎಷ್ಟಿದೆ ಎಂದು ನೋಡಿ, ಆಯಸ್ಸು ಎಷ್ಟಿದೆ ಎಂದಲ್ಲ. ಚಟದ ಭಯ ಪೂರ್ತಿ ಸುಳ್ಳಲ್ಲ. ಹಿಂದೆ ಕುಡಿತವೋ ಬೇರೆ ಅಭ್ಯಾಸವೋ ಇದ್ದವರಲ್ಲಿ ಅಪಾಯ ಜಾಸ್ತಿ, ಹಾಗಾಗಿ ನೇರವಾಗಿ ಕೇಳಿಬಿಡುತ್ತೇನೆ. ಆದರೆ ಮೈಗೆ ಔಷಧಿ ಒಗ್ಗುವುದೇ ಬೇರೆ. ಅದು ಯಾರಿಗಾದರೂ ಆಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಶುರುವಾಗುತ್ತವೆ. ಬೇಡವಾದಾಗ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಸಾಮಾನ್ಯ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ನೋವು ತಡೆಯಲಾಗದಿದ್ದಾಗ ನುಂಗಿದರಾಯಿತು ಎಂದು ಕಾದರೆ ಅಷ್ಟರಲ್ಲಿ ನೋವು ಏರಿರುತ್ತದೆ. ಗಡಿಯಾರ ನೋಡಿ ಕೊಡಿ ಎನ್ನುತ್ತೇನೆ. ನಡುವೆ ನೋವು ಎದ್ದರೆ ಹೆಚ್ಚುವರಿ ಡೋಸ್ ಬರೆದಿರುತ್ತಾರೆ. ಸಾಮಾನ್ಯವಾಗಿ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ: ದಿನಕ್ಕೆ 60 ಮಿಲಿಗ್ರಾಂ ಇದ್ದರೆ 10. ಕೊಟ್ಟದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳುತ್ತೇನೆ. ಮುಂದಿನ ಡೋಸ್ ನಿರ್ಧಾರವಾಗುವುದು ಅದರಿಂದಲೇ. 12 ಗಂಟೆ ಕೆಲಸ ಮಾಡುವ ಮಾತ್ರೆಯನ್ನು ಮಾತ್ರ ಪುಡಿ ಮಾಡಲೇಬಾರದು. ನಿಧಾನವಾಗಿ ಇಳಿಯಬೇಕಾದ ಔಷಧಿಯೆಲ್ಲ ಒಟ್ಟಿಗೇ ಮೈಗೆ ಸೇರುತ್ತದೆ.

ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನದಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಹೋಗುವುದಿಲ್ಲ. ಅದಕ್ಕೇ ಮೊದಲ ಮಾತ್ರೆಯ ದಿನವೇ ಮಲ ಸಡಿಲಿಸುವ ಔಷಧಿಯನ್ನೂ ಶುರು ಮಾಡಿಸುತ್ತೇವೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಹೊಟ್ಟೆ ಕಟ್ಟಿಕೊಂಡು, 'ಈ ಮಾತ್ರೆಯೇ ಬೇಡ' ಎಂದು ಮತ್ತೆ ನೋವಿಗೆ ಮರಳಿದವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಹೆಚ್ಚು ಹೊತ್ತು ಕಳೆಯುವುದು ಉಸಿರಿನ ವಿಷಯಕ್ಕೆ. ಮಗಳನ್ನೋ ಹೆಂಡತಿಯನ್ನೋ ಹಾಸಿಗೆ ಪಕ್ಕ ನಿಲ್ಲಿಸಿಕೊಳ್ಳುತ್ತೇನೆ. ಮಲಗಿದವರನ್ನು ಎಬ್ಬಿಸುವ ಮುಂಚೆ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮುಟ್ಟಿದರೆ ಎಣಿಕೆ ಬದಲಾಗುತ್ತದೆ. ಆಮೇಲೆ ಹೆಸರು ಹಿಡಿದು ಕರೆಯಬೇಕು. ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದರೆ, ಉಸಿರೂ ಸರಿಯಿದ್ದರೆ, ಅದು ನಿದ್ದೆ. ಎಷ್ಟೋ ದಿನ ನೋವಿನಿಂದ ನಿದ್ದೆಗೆಟ್ಟವರು ಹೀಗೇ ಮಲಗುತ್ತಾರೆ. ಅಲುಗಾಡಿಸಿದರೂ ಏಳದಿದ್ದರೆ, ಅಥವಾ ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ, ಮುಂದಿನ ಡೋಸ್ ಕೊಡದೆ ತಕ್ಷಣ ಆಂಬುಲೆನ್ಸ್ ಕರೆಯಬೇಕು. ಮಾರ್ಫಿನ್ ಪರಿಣಾಮ ತಗ್ಗಿಸುವ ನಲೋಕ್ಸೋನ್ ಎಂಬ ಔಷಧಿ ಇದೆ. ಕಣ್ಣಿನ ಪಾಪೆ ಚಿಕ್ಕದಾದದ್ದು ಒಂದೇ ಇದ್ದರೆ ಗಾಬರಿ ಬೇಡ, ಸರಿಯಾದ ಡೋಸಿನಲ್ಲೂ ಹಾಗಾಗುತ್ತದೆ.

ಕಿಡ್ನಿ ಸೋತವರಲ್ಲಿ ಔಷಧಿಯ ಅಂಶ ಮೈಯಲ್ಲೇ ಉಳಿಯುತ್ತದೆ. ಮೂತ್ರ ಕಡಿಮೆಯಾದರೆ ಅದಕ್ಕೇ ಕೂಡಲೇ ತಿಳಿಸಬೇಕು. ನಿದ್ದೆ ಮಾತ್ರೆ, ಮದ್ಯ ಜೊತೆಗೆ ಸೇರಿದರೆ ಉಸಿರೇ ನಿಲ್ಲಬಹುದು. ಡಬ್ಬಿಗೆ ಬೀಗ ಇರಲಿ, ಮಕ್ಕಳಿರುವ ಮನೆಯಲ್ಲಂತೂ ಕಡ್ಡಾಯ. ಉಳಿದ ಮಾತ್ರೆಗಳನ್ನು ಬೇರೆಯವರ ಬೆನ್ನುನೋವಿಗೆ ಕೊಡದೆ ನಮಗೇ ತಂದು ಒಪ್ಪಿಸಿ ಎನ್ನುತ್ತೇನೆ.