ಒಂದೇ ಜಾಂಗೋ ಆ್ಯಪ್, ಮಂಟಪಕ್ಕೊಂದು ಬಣ್ಣ

ಕಲ್ಯಾಣ ಮಂಟಪಗಳ ಬುಕಿಂಗ್‌ಗೆ ನಾನು ನಡೆಸುವ ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಆ್ಯಪ್ ಒಂದೇ. ಮಂಟಪಗಳು ಹೆಚ್ಚುಕಡಿಮೆ 40. ಪ್ರತಿ ಮಾಲೀಕರಿಗೂ ತಮ್ಮದೇ ಬಣ್ಣ, ತಮ್ಮದೇ ಫಾಂಟ್ ಬೇಕು. ಥೀಮ್‌ನ ಸಿಎಸ್‌ಎಸ್ (ಪುಟದ ಅಂದ ಹೇಳುವ ಕೋಡ್) ಅನ್ನು ವ್ಯೂನಿಂದಲೇ, ಅಂದರೆ ಕೋರಿಕೆ ಬಂದಾಗ ಉತ್ತರ ಕಟ್ಟುವ ಜಾಂಗೋ ಕೋಡಿನಿಂದಲೇ, ಕಳುಹಿಸುತ್ತೇನೆ ಎಂದಾಗ ಜೊತೆಯವರು ನಕ್ಕಿದ್ದರು, ಸರ್ವರ್ ಮಲಗುತ್ತದೆ ಎಂದಿದ್ದರು. ವರ್ಷದ ಮೇಲಾಯಿತು. ತಿಂಗಳಿಗೆ 800 ರೂಪಾಯಿ ಚಿಲ್ಲರೆಯ ಅದೇ ಪುಟ್ಟ ಸರ್ವರ್ ಮದುವೆ ಸೀಸನ್ನನ್ನೂ ದಾಟಿದೆ.

ಮೊದಲು ಸಾಸ್ (ಸಿಎಸ್‌ಎಸ್ ಆಗಿ ಕಂಪೈಲ್ ಆಗುವ ಭಾಷೆ, Sass) ದಾರಿ ಹಿಡಿದೆವು: ಮಂಟಪಕ್ಕೊಂದು ಫೈಲ್, ಕಂಪೈಲ್, ಆಮೇಲೆ ಫೈಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ ಕಲೆಕ್ಟ್‌ಸ್ಟ್ಯಾಟಿಕ್ ಆದೇಶ. ಬಿಲ್ಡ್ ಬರೆಯಲು ಹೊರಗಿನವರಿಗೆ ಕೊಟ್ಟ 15,000 ರೂಪಾಯಿ ಅಲ್ಲೇ ಮುಳುಗಿತು. ಹೀಗೆ ಸೇರಿಸಿದ ಫೈಲ್‌ಗಳ ಹೆಸರಿನ ಪಟ್ಟಿ ಇಡುವ ಜಾಂಗೋದ ಮ್ಯಾನಿಫೆಸ್ಟ್ ಸ್ಟೋರೇಜ್ ಆ ಪಟ್ಟಿಯನ್ನು ಪ್ರೊಸೆಸ್ ಶುರುವಾದಾಗ ಓದುತ್ತದೆ. ಭಾನುವಾರ ಹೊಸ ಮಂಟಪ ಸೇರಿದರೆ ಅದರ ಫೈಲ್ ಪಟ್ಟಿಯಲ್ಲಿಲ್ಲ, ಪುಟಕ್ಕೆ ನೇರ 500 (ಸರ್ವರ್ ದೋಷ). ಟ್ಯಾಗ್‌ನೊಳಗೇ ಸ್ಟೈಲ್ ಬರೆಯೋಣವೆಂದರೆ ಹೋವರ್ (ಮೌಸ್ ಮೇಲೆ ಬಂದಾಗಿನ ಬಣ್ಣ) ಇಲ್ಲ, ಮೀಡಿಯಾ ಕ್ವೆರಿ (ಪರದೆಯ ಅಳತೆಗೆ ತಕ್ಕ ನಿಯಮ) ಇಲ್ಲ. ಹೆಡ್‌ನಲ್ಲಿ ಸ್ಟೈಲ್ ಬ್ಲಾಕ್ ಇಟ್ಟರೆ ಸಿಎಸ್‌ಪಿಗೆ (ಪುಟದಲ್ಲಿ ಯಾವ ಕೋಡ್ ನಡೆಯಬಹುದೆಂದು ಬ್ರೌಸರ್‌ಗೆ ಹೇಳುವ ಭದ್ರತಾ ನಿಯಮ) ನಾನ್ಸ್ ಬೇಕು, ಅಂದರೆ ಒಮ್ಮೆ ಮಾತ್ರ ಬಳಸುವ ಗುರುತು. ನಾನ್ಸ್ ಪ್ರತಿ ಉತ್ತರಕ್ಕೂ ಬದಲಾಗಬೇಕು, ಅಲ್ಲಿಗೆ ಪುಟದ ಪ್ರತಿ ಉಳಿಸಿಟ್ಟು ಮತ್ತೆ ಕೊಡುವ ಕ್ಯಾಶ್ ಕಥೆ ಮುಗಿಯಿತು. ಸಾಲದ್ದಕ್ಕೆ ಜಾಂಗೋ ಟೆಂಪ್ಲೇಟಿನ ರಕ್ಷಣೆಯಾದ ಆಟೋಎಸ್ಕೇಪ್ ಫಾಂಟ್ ಹೆಸರಿನ ಉದ್ಧರಣ ಚಿಹ್ನೆಗಳನ್ನು ಎಂಟಿಟಿಯಾಗಿಸುತ್ತದೆ (ಎಚ್‌ಟಿಎಂಎಲ್ ಸಂಕೇತವಾಗಿ ಬದಲಿಸುತ್ತದೆ), ಸ್ಟೈಲ್ ಬ್ಲಾಕ್‌ನೊಳಗೆ ಬ್ರೌಸರ್ ಅದನ್ನು ಬಿಡಿಸಿ ಓದುವುದಿಲ್ಲ.

ಈಗಿರುವುದು ಹೀಗೆ. ಬೇಸ್ ಸಿಎಸ್‌ಎಸ್ ಒಂದೇ, ಅದರಲ್ಲಿ ನೇರ ಬಣ್ಣ ಎಲ್ಲೂ ಇಲ್ಲ, ಬರೀ ವೇರಿಯಬಲ್‌ಗಳು. ಅದು ಎಂದಿನಂತೆ ಸ್ಥಿರ ಫೈಲ್‌ಗಳನ್ನು ಕಳುಹಿಸುವ ವೈಟ್‌ನಾಯ್ಸ್ ಲೈಬ್ರರಿ ಮೂಲಕ ಹೋಗುತ್ತದೆ. ಥೀಮ್ ಮಾತ್ರ ವ್ಯೂನಿಂದ: ಆ ವೇರಿಯಬಲ್‌ಗಳಿಗೆ ಮಂಟಪದ ಬಣ್ಣ, ಫಾಂಟ್ ತುಂಬುವ ಹತ್ತು ಹನ್ನೆರಡು ಸಾಲು, ಅರ್ಧ ಕೆಬಿಯೂ ಇಲ್ಲ. ಕಂಟೆಂಟ್ ಟೈಪ್ ಅನ್ನು ಸಿಎಸ್‌ಎಸ್ ಎಂದೇ ಕೊಡಿ; ಜಾಂಗೋ 3.0ರಿಂದ ನೋಸ್ನಿಫ್ (ಫೈಲ್‌ನ ಬಗೆಯನ್ನು ಊಹಿಸಬೇಡ ಎಂದು ಬ್ರೌಸರ್‌ಗೆ ಹೇಳುವ ಹೆಡರ್) ತಾನಾಗಿ ಬರುವುದರಿಂದ ಎಚ್‌ಟಿಎಂಎಲ್ ಎಂದು ಹೋದದ್ದನ್ನು ಬ್ರೌಸರ್ ಮುಟ್ಟುವುದಿಲ್ಲ. ಕೆಲಸ ಗೆದ್ದದ್ದು ಈ ಥೀಮ್‌ನ ವೆಬ್ ವಿಳಾಸದಲ್ಲಿ. ಥೀಮ್ ಸೆಟ್ಟಿಂಗ್‌ಗಳ ಹ್ಯಾಶ್‌ನ (ಅವುಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತ) ಮೊದಲ ಎಂಟು ಅಕ್ಷರ ವಿಳಾಸದೊಳಗೇ ಇರುತ್ತದೆ, ಉತ್ತರಕ್ಕೆ 31536000 ಸೆಕೆಂಡಿನ, ಅಂದರೆ ಒಂದು ವರ್ಷದ ಕ್ಯಾಶ್. ಮಾಲೀಕರು ಬಣ್ಣ ಬದಲಿಸಿದರೆ ವಿಳಾಸವೇ ಬೇರೆ. ಥೀಮ್ ಸೇವ್ ಮಾಡುವಾಗಲೇ ಹ್ಯಾಶ್ ಅನ್ನು ಡೇಟಾಬೇಸ್‌ನಲ್ಲಿ ಆ ಮಂಟಪದ ಸಾಲಿನಲ್ಲಿ ಬರೆದಿಡುತ್ತೇನೆ. ಆ ಸಾಲನ್ನು ಪ್ರತಿ ಪುಟಕ್ಕೂ ಹೇಗೂ ಓದುತ್ತೇವೆ, ಆದ್ದರಿಂದ ಹೆಚ್ಚಿನ ಕ್ವೆರಿ ಒಂದೂ ಇಲ್ಲ. ಹಳೆಯ ಹ್ಯಾಶ್ ಹಿಡಿದು ಬಂದವರಿಗೆ ಏನು ಕೊಡುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹಳದಿ ಆರಿಸಿದವರ ಬಟನ್ ಮೇಲೆ ಅಕ್ಷರ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುವ ಸೂತ್ರವೂ ನನ್ನಲ್ಲೇ ಇರಲಿ.

ಬಣ್ಣದ ಫೀಲ್ಡಿಗೆ ಹೆಕ್ಸ್ ಪರೀಕ್ಷೆ (ಬರೆದದ್ದು #ffcc00 ಥರದ ಬಣ್ಣದ ಸಂಕೇತವೇ ಎಂಬ ತಪಾಸಣೆ) ಕಡ್ಡಾಯ. ಇಲ್ಲದಿದ್ದರೆ ಯಾರಾದರೂ ಬ್ರ್ಯಾಕೆಟ್ ಮುಚ್ಚಿ ತಮ್ಮದೇ ನಿಯಮ ಬರೆದಾರು. ಫಾಂಟ್‌ಗೆ ಪಟ್ಟಿಯೊಂದೇ, ಟೈಪ್ ಮಾಡಲು ಬಿಡುವುದಿಲ್ಲ.

ಇನ್‌ಕ್ಲೂಡ್ ಆದ ಟೆಂಪ್ಲೇಟ್ ತುಣುಕಿನೊಳಗಿನ ಬ್ಲಾಕ್ ಪೇರೆಂಟ್ ಟೆಂಪ್ಲೇಟಿನ ಹೆಡ್ ತಲುಪುವುದಿಲ್ಲ, ಹಾಗಾಗಿ ತುಣುಕಿನ ಸಿಎಸ್‌ಎಸ್ ಅಲ್ಲಿ ಸೇರಿಸಲಾಗದು ಎಂದು ಗೊಣಗುವವರು ಬಹಳ. ಫಾರ್ಮ್ ಆದರೆ ತನಗೆ ಬೇಕಾದ ಸಿಎಸ್‌ಎಸ್ ಹೆಸರಿಸಲು ಜಾಂಗೋದ ಮೀಡಿಯಾ ಕ್ಲಾಸ್ ಇದೆ. ಕ್ಯಾಲೆಂಡರ್ ತುಣುಕಿಗೆ ನಾನು ಬಾಡಿಯಲ್ಲೇ ಲಿಂಕ್ ಹಾಕಿದ್ದೇನೆ. ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್ ಸ್ಟೈಲ್‌ಶೀಟ್ ಲಿಂಕನ್ನು ಅಲ್ಲಿ ಒಪ್ಪುತ್ತದೆ.

ನಡುವೆ ಕನ್ನಡ ಅಕ್ಷರಗಳ ಮೇಲೂ ಪ್ರಯೋಗವಾಯಿತು. ಲೈನ್ ಹೈಟ್ 1.2 ಇದ್ದ ಬಟನ್‌ಗಳಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತಿತ್ತು, 1.6ಕ್ಕೆ ಏರಿಸಿದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿಗೆ ಯೂನಿಕೋಡ್ ರೇಂಜ್ (ಯಾವ ಅಕ್ಷರಗಳಿಗೆ ಮಾತ್ರ ಅದು ಬೇಕೆಂಬ ಗಡಿ) ಬರೆದ ಮೇಲೆ ಇಂಗ್ಲಿಷ್ ಪುಟಗಳು ಆ ಫಾಂಟನ್ನು ಇಳಿಸಿಕೊಳ್ಳುವುದನ್ನೇ ಬಿಟ್ಟವು.

ಇನ್ನು ರಸೀದಿಯ ಮುದ್ರಣ. ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಬಣ್ಣ ಮುದ್ರಿಸುವುದಿಲ್ಲ, ಮಾಲೀಕರಿಗೆ ಅದೇ ಬೇಕು. ಸಿಎಸ್‌ಎಸ್‌ನ ಪ್ರಿಂಟ್ ಕಲರ್ ಅಡ್ಜಸ್ಟ್‌ಗೆ ಎಕ್ಸಾಕ್ಟ್ (ಇದ್ದಂತೆಯೇ ಮುದ್ರಿಸು) ಎಂದು ಬರೆದುಕೊಟ್ಟಿದ್ದೇನೆ, ಇಂಕಿನ ಖರ್ಚು ಅವರದ್ದು.