ಫರ್ಸಿ ಕೀಳದೆ ಟೈಲ್ಸ್ ಕೂಡಿಸಿದೆ

ಮೊನ್ನೆ ಭಾನುವಾರ ಕರಣಿಯ ಹಿಡಿಕೆಯಿಂದ ಮನೆಯ ಒಂದೊಂದು ಟೈಲ್ಸನ್ನೂ ತಟ್ಟಿ ನೋಡಿದೆ. ದೊಡ್ಡವು ಸಣ್ಣವು ಸೇರಿ 240ರ ಮೇಲಿವೆ. ಎರಡು ಬೇಸಿಗೆ, ಎರಡು ಮಳೆಗಾಲ ದಾಟಿವೆ. ಟೊಳ್ಳು ಸದ್ದು, ಅಂದರೆ ಕೆಳಗೆ ಹಿಡಿತ ಇಲ್ಲದ ಸದ್ದು, ಬಂದದ್ದು ಎರಡೇ, ಅವೂ ಬಚ್ಚಲ ಬಾಗಿಲ ಹತ್ತಿರ. ನವಲಗುಂದದ ಎರೆ (ಕಪ್ಪು) ಮಣ್ಣಿನ ಮೇಲೆ, ಹಳೇ ಶಹಾಬಾದ ಫರ್ಸಿ (ನೆಲದ ಹಾಸುಗಲ್ಲು) ಕೀಳದೆ, ವಿಟ್ರಿಫೈಡ್ ಟೈಲ್ಸ್ ನಿಲ್ಲೋದಿಲ್ಲ ಅಂದವರಿಗೆ ಇದೇ ನನ್ನ ಉತ್ತರ.

ಹಾಗಂದವರು ಒಬ್ಬಿಬ್ಬರಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಗೌಂಡಿ ಕಾಕಾ ಬಂದು ಪಡಸಾಲೆಯಲ್ಲಿ ನಿಂತು, "ತಮ್ಮಾ, ಫರ್ಸಿ ಕಿತ್ತು ಒಗಿ. ಕಲ್ಲಿನ ಮ್ಯಾಲೆ ಕಲ್ಲು ಹತ್ತೂದಿಲ್ಲ. ಒಂದು ಬ್ಯಾಸಿಗಿ ದಾಟೂದಿಲ್ಲ ನೋಡು" ಅಂದಿದ್ದರು. ಕೀಳುವ ಲೆಕ್ಕವನ್ನೂ ಹಾಕಿ ನೋಡಿದೆ. ಒಟ್ಟು 850 ಚದರಡಿ. ಒಡೆಯೋದು, ಟ್ರ್ಯಾಕ್ಟರಿನಲ್ಲಿ ಸಾಗಿಸೋದು, ಮತ್ತೆ ಗರಸು ತುಂಬಿ ದಿಮ್ಮಸು ಹೊಡೆದು ಕಾಂಕ್ರೀಟ್ ಹಾಕೋದು, ಎಲ್ಲಾ ಸೇರಿ 75 ಸಾವಿರಕ್ಕೆ ಕಡಿಮೆ ಇಲ್ಲ. ಟೈಲ್ಸ್ ಖರ್ಚು ಬೇರೆ. ಮಗಳ ಕಾಲೇಜು ಫೀ ತುಂಬಿದ ವರ್ಷ ಅದು. ಅದಕ್ಕಿಂತ ಹೆಚ್ಚಾಗಿ, 40 ವರ್ಷ ತುಳಿಸಿಕೊಂಡು ಗಟ್ಟಿಯಾಗಿ ಕುಳಿತ ಎರೆ ನೆಲವನ್ನು ಕೆದಕಲು ನನಗೆ ಮನಸ್ಸಿರಲಿಲ್ಲ. ಒಮ್ಮೆ ಬಿಚ್ಚಿದರೆ ಅದು ಯಾವಾಗ ಕೂರುತ್ತದೋ, ಎಲ್ಲಿ ಇಳಿಯುತ್ತದೋ ಯಾರೂ ಹೇಳಲಾರರು.

ಆದರೆ ಮೊದಲ ಸಲ ಸೋತೆ, ಅದನ್ನು ಹೇಳಲೇಬೇಕು. 2022ರಲ್ಲಿ ಮಲಗುವ ಕೋಣೆಯಿಂದ ಶುರು ಮಾಡಿದೆ. 10ಕ್ಕೆ 11 ಅಡಿ, ರೆಡ್ ಆಕ್ಸೈಡ್ ನೆಲ. ಹದಿನೇಳು ವರ್ಷದ ರೂಢಿಯಂತೆ ಚಾಣದಿಂದ ಕಚ್ಚು ಹೊಡೆದು, ಸಿಮೆಂಟ್ ಹಾಲು ಸುರಿದು, ಎರಡಡಿಯ ಟೈಲ್ಸ್ ಕೂಡಿಸಿದೆ. ಗೋಡೆಗೆ ಒತ್ತಿ ಹಾಕಿದೆ, ಸಂದೇ ಕಾಣಬಾರದು ಎಂದು. ಹೋಳಿ ಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ ಊಟಕ್ಕೆ ಕೂತಾಗ ಒಳಗಿನಿಂದ ಪಟಾಕಿ ಹೊಡೆದಂಥ ಸದ್ದು. ಹೋಗಿ ನೋಡಿದರೆ ನಡುವಿನ ಎರಡು ಸಾಲು ಎದುರಾಬದುರಾ ಎದ್ದು ಮನೆಯ ಮಾಡಿನ ಹಾಗೆ ನಿಂತಿವೆ. ಒಂದನ್ನು ಎತ್ತಿ ಮಗುಚಿದೆ. ಹಿಂಬದಿ ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛ. ಒಂದು ಚಿಟಿಕೆ ಸಿಮೆಂಟೂ ಅಂಟಿಲ್ಲ. ಕೆಳಗೆ ನೆಲದ ಕೆಂಪೂ ಹಾಗೇ ಹೊಳೆಯುತ್ತಿತ್ತು. 9 ಸಾವಿರ ಮಣ್ಣುಪಾಲು.

ತಪ್ಪು ಮೂರು ಇದ್ದವು. ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯೋದೇ ಇಲ್ಲ, ನೂರಕ್ಕೆ ಅರ್ಧ ಪಾಲೂ ಇಲ್ಲ. ಹಳೇ ಸೆರಾಮಿಕ್ಕು ಸಿಮೆಂಟ್ ಹಾಲನ್ನು ಹೀರಿ ಹಿಡಿಯುತ್ತಿತ್ತು, ಇದು ಹಿಡಿಯೋದಿಲ್ಲ. ಎರಡನೇದು, ನಮ್ಮವ್ವ ಆ ನೆಲವನ್ನು ಪ್ರತಿ ದೀಪಾವಳಿಗೆ ಕೊಬ್ಬರಿ ಎಣ್ಣೆ, ಮೇಣ ಹಚ್ಚಿ ತಿಕ್ಕಿ ಹೊಳೆಸುತ್ತಿದ್ದಳು. ಮೂವತ್ತು ದೀಪಾವಳಿಯ ಎಣ್ಣೆ ಒಳಗಿತ್ತು. ಮೂರನೇದು, ಗೋಡೆಗೆ ಒತ್ತಿ ಹಾಕಿದ್ದು. ಬಿಸಿಲಿಗೆ ಹಿಗ್ಗಿದ ಟೈಲ್ಸ್ ಎಲ್ಲಿಗೆ ಹೋಗಬೇಕು?

ಎರಡನೇ ಸಲ ಅವಸರ ಮಾಡಲಿಲ್ಲ. ಮಿಕ್ಕಿದ್ದ ಎರಡು ಫರ್ಸಿ ಕಲ್ಲು ಮಾಳಿಗೆಗೆ ಹೊತ್ತು ಹಾಕಿ, ಅವುಗಳ ಮೇಲೆ ಟೈಲ್ಸ್ ತುಂಡು ಮೂರು ಬಗೆಯಲ್ಲಿ ಅಂಟಿಸಿದೆ: ಬರೀ ಸಿಮೆಂಟ್ ಹಾಲು, ಲೇಟೆಕ್ಸ್ ಬೆರೆಸಿದ ಹಾಲು, ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡ) ಟೈಪ್ 3 ಎಂದು ಅಚ್ಚಾಗಿದ್ದ ಅಂಟು. ಏಪ್ರಿಲ್ ಪೂರ್ತಿ ಬಿಸಿಲಲ್ಲಿ ಬಿಟ್ಟು, ಸಂಜೆ ಸಂಜೆಗೆ ಒಂದೊಂದು ಕೊಡ ತಣ್ಣೀರು ಸುರಿದೆ. ಬಸವ ಜಯಂತಿ ಮುಗಿದ ಮೇಲೆ ಚಾಣ ಹಿಡಿದು ಹೊಡೆದೆ. ಮೊದಲನೇದು ಕೈಗೇ ಬಂತು. ಎರಡನೇದು ಎರಡು ಪೆಟ್ಟಿಗೆ ಕಲ್ಲಿನ ಕಡೆಯಿಂದ ಬಿಟ್ಟಿತು. ಮೂರನೇದರಲ್ಲಿ ಟೈಲ್ಸ್ ಚೂರಾಯಿತೇ ಹೊರತು ಚೂರುಗಳು ಕಲ್ಲು ಬಿಡಲಿಲ್ಲ. ಪ್ಲೈವುಡ್ ಹಲಗೆಯ ಮೇಲೂ ಒಂದು ತುಂಡು ಅಂಟಿಸಿದ್ದೆ, ಅಟ್ಟಕ್ಕೆ ಆದೀತೇನೋ ಎಂದು. ಮೊದಲ ಮಳೆಗೇ ಹಲಗೆ ಉಬ್ಬಿ ಮೂಲೆ ಎದ್ದಿತು. ಅಟ್ಟದ ಆಸೆ ಬಿಟ್ಟೆ.

ಸಂಕ್ರಾಂತಿ ಮುಗಿಸಿ ಕೆಲಸ ಹಿಡಿದೆ. ಎರೆ ನೆಲ ಮಳೆಗೆ ಉಬ್ಬುತ್ತದೆ, ಮೇ ತಿಂಗಳಲ್ಲಿ ಬಿರಿಯುತ್ತದೆ. ಜನವರಿ ಫೆಬ್ರವರಿ ಅಂದರೆ ಇವೆರಡರ ನಡುವಿನ ಹದ, ಎರಡೂ ಕಡೆ ಸ್ವಲ್ಪ ಸ್ವಲ್ಪ ಅಲುಗಾಡಲು ಜಾಗ ಸಿಗುತ್ತದೆ. ಇದು ನನ್ನ ಲೆಕ್ಕ, ಬೇರೆಯವರು ಬೇರೆ ಹೇಳಬಹುದು.

ರೆಡ್ ಆಕ್ಸೈಡ್ ಕೋಣೆಗೆ ಮೊದಲು ಗ್ರೈಂಡರ್ ಹಚ್ಚಿ ಮತ್ತೆ ಪೆಟ್ಟು ತಿಂದೆ. ಎಣ್ಣೆ ಕಾದು ಗ್ರೈಂಡರಿನ ಡೈಮಂಡ್ ಬಟ್ಟಲಿಗೆ (ಅರೆಯುವ ಚಕ್ರಕ್ಕೆ) ಮೆತ್ತಿಕೊಂಡಿತು, 700 ರೂಪಾಯಿಯ ಬಟ್ಟಲು ಹೋಯಿತು. ಮೊದಲು ತೊಳೆಯಬೇಕು: ಕುದಿವ ನೀರಿಗೆ ಸೋಡಾ ಹಾಕಿ ಎರಡು ಸಲ ತಿಕ್ಕಿ, ಒಣಗಿಸಿ, ಆಮೇಲೆ ಹೊಳಪು ಹೋಗುವಷ್ಟು ಅರೆಯಬೇಕು. ಅರೆದ ಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಟ್ಟು ಕೂತು ನೋಡಿದೆ. ಹನಿ ಗುಂಡಗೆ ನಿಂತರೆ ಎಣ್ಣೆ ಇದೆ. ಹರಡಿ, ಕಪ್ಪಗೆ ಕಲೆಯಾಗಿ ಇಂಗಿದರೆ ನೆಲ ತಯಾರು. ಕಿಟಕಿ ಕೆಳಗೆ, ಅವ್ವ ದಿನಾ ಕೂರುತ್ತಿದ್ದ ಜಾಗದಲ್ಲಿ, ಮೂರು ಸಲ ಅರೆದರೂ ಹನಿ ನಿಲ್ಲುತ್ತಲೇ ಇತ್ತು. ಅಷ್ಟು ಜಾಗ ಚಾಣದಿಂದ ಕಿತ್ತು ಹೊಸ ಗಾರೆ ತುಂಬಿದೆ.

ಪಡಸಾಲೆಯ ಫರ್ಸಿಯೇ ನಿಜವಾದ ಪರೀಕ್ಷೆ. ಸುಣ್ಣದ ಕಲ್ಲು, ಹಾಳೆ ಹಾಳೆಯಾಗಿ ಏಳುವ ಜಾತಿ. ಮೇಲಿನ ಸಡಿಲ ಹಾಳೆಗೆ ಅಂಟು ಹಿಡಿದರೆ ಟೈಲ್ಸ್ ಹಾಳೆ ಸಮೇತ ಎದ್ದು ಬರುತ್ತದೆ. ಸುತ್ತಿಗೆಯಿಂದ ಪ್ರತಿ ಕಲ್ಲು ತಟ್ಟಿದೆ. ತೊಂಬತ್ತರಲ್ಲಿ 14 ಸಡಿಲ. ಅವನ್ನಷ್ಟೇ ಎತ್ತಿದೆ. ಕೆಳಗೆ ಇರುವೆ ಗೂಡು, ಪೊಳ್ಳು. ಗರಸಿಗೆ ಸಿಮೆಂಟ್ ಬೆರೆಸಿ ಗಟ್ಟಿ ತುಂಬಿ ಮತ್ತೆ ಕೂಡಿಸಿದೆ. ನೆಲದಲ್ಲಿ ತೇವ ಇದೆಯೋ ನೋಡಲು ರಾತ್ರಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಬಿಟ್ಟರೆ ಬೆಳಿಗ್ಗೆ ಹಿತ್ತಲ ಗೋಡೆಯ ಪಕ್ಕ ಒಳಗೆ ಹನಿ ಕಟ್ಟಿತ್ತು. ಹೊರಗಿನ ಬಚ್ಚಲ ನೀರು ಅಲ್ಲಿ ಇಂಗುತ್ತಿತ್ತು. ಗಟಾರ ತಿರುಗಿಸಿ, ಇಪ್ಪತ್ತು ದಿನ ಕಾದು, ಹಾಳೆ ಒಣಗಿ ಬಂದ ಮೇಲೇ ಮುಂದುವರಿದೆ.

ನಡುವೆ ಒಂದು ಹಳೇ ಬಿರುಕು, ಈ ಗೋಡೆಯಿಂದ ಆ ಗೋಡೆಗೆ. ಇಷ್ಟು ವರ್ಷ ಜಮಖಾನೆ ಹಾಸಿ ಮುಚ್ಚಿದ್ದೆವು. ಅದರ ಮೇಲೆ ಟೈಲ್ಸ್ ಬಂದರೆ ಬಿರಿಯೋದು ಖಂಡಿತ. ಹಾಗಾಗಿ ದಾರ ಹಿಡಿದು ಲೆಕ್ಕ ಮಾಡಿ, ಒಂದು ಸಂದು ಸರಿಯಾಗಿ ಬಿರುಕಿನ ಮೇಲೇ ಬರುವಂತೆ ಸಾಲು ಸರಿಸಿದೆ. ಆ ಸಂದಿಗೆ ಗ್ರೌಟ್ (ಸಂದು ತುಂಬುವ ಸಿಮೆಂಟು) ಇಲ್ಲ, ಅದೇ ಬಣ್ಣದ, ಹಿಗ್ಗಿ ಕುಗ್ಗುವ ಸಿಲಿಕೋನ್. ಇದರಿಂದ ತಲಬಾಗಿಲ ಎದುರಿಗೇ ನಾಲ್ಕು ಇಂಚಿನ ತುಂಡು ಬಂತು. ಹೆಂಡತಿಗೆ ಸಿಟ್ಟು: "ಮಂದಿ ಮನ್ಯಾಗ ಚಂದ ಮಾಡ್ತೀರಿ, ನಮ್ಮ ಮನ್ಯಾಗ ತುಂಡು ಹಾಕ್ತೀರಿ." ಈಗ ಅಲ್ಲಿ ಕಾಲೊರಸು ಇದೆ. ಗೋಡೆಯ ಸುತ್ತ 8 ಮಿಮೀ ಬಿಟ್ಟು ಸ್ಕರ್ಟಿಂಗ್‌ನಿಂದ (ಗೋಡೆ ಬುಡದ ಪಟ್ಟಿಯಿಂದ) ಮುಚ್ಚಿದೆ. ಈ ಬೇಸಿಗೆಯಲ್ಲಿ ಆ ಸಿಲಿಕೋನ್ ಸಂದು ಕೂದಲೆಳೆಯಷ್ಟು ಅಗಲವಾಗಿತ್ತು, ಮಳೆ ಬಿದ್ದ ಮೇಲೆ ಕೂಡಿಕೊಂಡಿತು. ಟೈಲ್ಸಿಗೆ ಏನೂ ಆಗಿಲ್ಲ.

ಫರ್ಸಿಯ ಏರುತಗ್ಗಿನಲ್ಲಿ, ಮಟ್ಟ ಹಿಡಿಯುವ ಕ್ಲಿಪ್ಪಿಲ್ಲದೆ ಎರಡಡಿಯ ಟೈಲ್ಸ್ ಹೇಗೆ ಮಟ್ಟ ಮಾಡಿದೆ ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಅದು ನನ್ನ ಹೊಟ್ಟೆಪಾಡು. ಅಂಟನ್ನು ನೆಲಕ್ಕೂ ಟೈಲ್ಸ್ ಬೆನ್ನಿಗೂ ಹಚ್ಚಿದೆ ಅಂತಷ್ಟೇ ಹೇಳುತ್ತೇನೆ.

ಅಡಿಗೆಮನೆಯ ಮೊಸಾಯಿಕ್ ಒಂದೇ ದಿನದ ಕೆಲಸ, ಹೊಳಪು ಅರೆದರೆ ಮುಗಿಯಿತು. ಬಚ್ಚಲ ಹಳೇ ಸೆರಾಮಿಕ್ಕಿನ ಗಾಜಿನ ಪದರು ಗೀಚಿ, ನೀರು ಹೋಗುವ ಜಾಳಿಗೆಯನ್ನು ಅರ್ಧ ಇಂಚು ಎತ್ತಿ, ಇಳಿಜಾರು ಕೊಟ್ಟೆ. ಟೊಳ್ಳು ಬಂದ ಎರಡೂ ಆ ದಿನ ಸಂಜೆ ಹಾಕಿದವು. ಅಂಟು ಹೆಚ್ಚು ಹರಡಿ ಚಹಾಕ್ಕೆ ಹೋಗಿದ್ದೆ, ಮೇಲೆ ಕೆನೆ ಕಟ್ಟಿತ್ತು. ನೆಲ ಎತ್ತರವಾದದ್ದಕ್ಕೆ ಬಾಗಿಲುಗಳನ್ನೆಲ್ಲ ಕೆಳಗಡೆ ಅರ್ಧ ಇಂಚಿಗೂ ಹೆಚ್ಚು ಕೊಯ್ಯಿಸಬೇಕಾಯಿತು, ಬಡಿಗೇರರಿಗೆ 1,800. ಗ್ರೌಟಿಗೆ ಬೋರಿನ ಸವಳು ನೀರು ಬಳಸಿ ಅಡಿಗೆಮನೆಯಲ್ಲಿ ಸಂದೆಲ್ಲ ಬೆಳ್ಳಗಾಯಿತು. ಕೆರೆದು ತೆಗೆದು, ಕುಡಿಯುವ ನೀರಿನಲ್ಲಿ ಮತ್ತೆ ಕಲಸಿದೆ.

ಲೆಕ್ಕ ನೆನಪಿನಿಂದ: ಟೈಲ್ಸ್ 42 ಸಾವಿರ, 20 ಕೆಜಿಯ ಅಂಟಿನ ಚೀಲ 24ಕ್ಕೆ 15 ಸಾವಿರದ ಆಜುಬಾಜು, ಕೈಯಾಳಿಗೆ ಹನ್ನೊಂದು ದಿನದ ಪಗಾರ 6,600, ಉಳಿದ ಸಣ್ಣಪುಟ್ಟವು 8 ಸಾವಿರ. ಮೊದಲು ಕಳೆದ 9 ಸಾವಿರ ಸೇರಿಸಿದರೆ 80 ಸಾವಿರದ ಆಜುಬಾಜು. ನನ್ನ ಕೂಲಿ ಹಿಡಿದಿಲ್ಲ.

ಕಾಕಾ ಯುಗಾದಿಗೆ ಬಂದವರು ಚಪ್ಪಲಿ ಬಿಟ್ಟು, ಬಗ್ಗಿ, ಬಿರುಕಿನ ಸಾಲನ್ನು ಬೆರಳಿಂದ ತಡವಿದರು. "ಇಲ್ಲಿ ಸಿಮೆಂಟ್ ಹಾಕಿಲ್ಲೇನೋ?" ಅಂದರು. ಇಲ್ಲ ಅಂದೆ. ಊಟ ಆದ ಮೇಲೆ ಆ ಅಂಟಿನ ಚೀಲ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿ ಬರೆಸಿಕೊಂಡು ಹೋದರು.

ಹೊರಗಿನ ಕಟ್ಟೆಯ ಫರ್ಸಿಗೆ ಕೈ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಮಳೆಯಲ್ಲಿ ಬರಿಗಾಲಿಗೆ ಅಷ್ಟು ಹಿಡಿತ ಕೊಡುವ ಟೈಲ್ಸ್ ನಾನು ಇನ್ನೂ ಕಂಡಿಲ್ಲ, ಅವ್ವ ಸಂಜೆ ಕೂರುವುದೂ ಈಗ ಅಲ್ಲೇ.